ಕಂದಾಯ ಯಾರಿಗೆ ಸಲ್ಲಬೇಕು? ಬಲಂ, ನಗರ ಮತ್ತು ಅಮರಸುಳ್ಯದ ಬಂಡಾಯಗಳು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಹತನಾದ ಮೇಲೆ ಮೈಸೂರು ಸೀಮೆಯ ಗಡಿಗಳನ್ನು ಹೊಸದಾಗಿ ಗೊತ್ತುಮಾಡಿದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ, ಘಟ್ಟದ ಅಂಚಿನವರೆಗೆ ಹಬ್ಬಿದ್ದ ಬಲಂ ಸೀಮೆಯು ಲೆಕ್ಕಕ್ಕೆ ಬಾರದ ಒಂದು ಕಾಡುತುಂಡಾಗಿ ಕಂಡಿರಬೇಕು. ಇಂದು ಹಾಸನದಿಂದ ಆಲೂರು, ಬಾಳ್ಳುಪೇಟೆಗಳ ಮೂಲಕ ಸಕಲೇಶಪುರಕ್ಕೆ ಏರಿ ಕರಾವಳಿಗೆ ಇಳಿಯುವ ಹೆದ್ದಾರಿಯ ಆಸುಪಾಸಿನ ಬೆಟ್ಟಗುಡ್ಡಗಳೇ ಆ ಸೀಮೆ. ಅದನ್ನು ಆಳುತ್ತಿದ್ದವರು ಐಗೂರಿನ ಪಾಳೆಯಗಾರರೆಂದು ಹೆಸರಾದ ನಾಯಕರು. ಪಾಳೆಯಗಾರನೆಂದರೆ ಮೇಲಿನ ಅರಸನಿಗೆ ಕಪ್ಪವನ್ನೂ ದಂಡನ್ನೂ ಒದಗಿಸುತ್ತ, ತನ್ನ ಸೀಮೆಯೊಳಗೆ ಕಂದಾಯ ಎತ್ತುವ, ನ್ಯಾಯ ತೀರಿಸುವ ಹಕ್ಕನ್ನು ಉಳಿಸಿಕೊಂಡ ನಾಡೊಡೆಯ. ಈ ಹಕ್ಕನ್ನು ಹೊಸ ದೊರೆಗಳು ಗುರುತಿಸದೆ ಹೋದುದರಿಂದ ಮಲೆನಾಡಿನಲ್ಲಿ ಹೊತ್ತಿಕೊಂಡ ಜಗಳವು ಮುಂದಿನ ನಲವತ್ತು ವರ್ಷಗಳಲ್ಲಿ ಮೂರು ಬಾರಿ ಬಂಡಾಯದ ರೂಪ ತಾಳಿತು. ಮೂರು ಬಾರಿಯೂ ಅದು ಹಣದ ಲೆಕ್ಕದಲ್ಲಿ ಹುಟ್ಟಿ ರಾಜ್ಯದ ಒಡೆತನದ ಪ್ರಶ್ನೆಯಲ್ಲಿ ಹೋಗಿ ನಿಂತಿತು.

ಜಗಳದ ಬೇರು 1792ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನೂ ಕಸಿದ ಲಾರ್ಡ್ ಕಾರ್ನ್‌ವಾಲಿಸನು, ಅದಕ್ಕೆ ಹನ್ನೊಂದು ವರ್ಷ ಮೊದಲು, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಬ್ರಿಟಿಷ್ ಸೇನಾನಿಯೇ ಆಗಿದ್ದನು. ಹಣದ ಲೆಕ್ಕ ಒಡೆತನದ ಪ್ರಶ್ನೆಯಾದದ್ದು ಅಲ್ಲಿಯೂ ಹೀಗೆಯೇ: ಅಮೆರಿಕದ ವಸಾಹತುಗಳಲ್ಲಿ ಜಗಳ ಆರಂಭವಾದದ್ದು 1765ರ ಮುದ್ರಾಕಾಗದದ ತೆರಿಗೆಯಿಂದ. ಯುದ್ಧದ ಸಾಲವನ್ನು ತೀರಿಸಲು ಲಂಡನ್ನಿನ ಸಂಸತ್ತು ಹೇರಿದ ತೆರಿಗೆಗಳ ಔಚಿತ್ಯವನ್ನು ಪ್ರಶ್ನಿಸಿದ ವರ್ತಕರೂ ಜಮೀನುದಾರರೂ ಹತ್ತೇ ವರ್ಷಗಳಲ್ಲಿ, ತಮ್ಮ ಪ್ರತಿನಿಧಿಗಳಿಲ್ಲದ ಸಭೆಗೆ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕೇ ಇಲ್ಲವೆಂಬ ನಿಲುವಿಗೆ ಬಂದು, 1776ರಲ್ಲಿ ಸ್ವಾತಂತ್ರ್ಯವನ್ನು ಸಾರಿಕೊಂಡರು. ಅವರಿಗೆ ತಮ್ಮವೇ ಆದ ಶಾಸನಸಭೆಗಳೂ ಪತ್ರಿಕೆಗಳೂ ಇದ್ದವು. ಮಲೆನಾಡಿನ ರೈತನಿಗೆ ಇದ್ದದ್ದು ಊರ ಪಟೇಲ, ನಾಡಿನ ಕೂಟ ಮತ್ತು ಹಿಂದೆ ಆಳಿದ ಮನೆತನಗಳ ನೆನಪು. ತೆರಿಗೆಯ ತಕರಾರು ಇಲ್ಲಿ ಬೇರೆ ಭಾಷೆಯಲ್ಲಿ ಮಾತನಾಡಿದ್ದು ಈ ಕಾರಣದಿಂದ.

1792ರ ಯುದ್ಧದಲ್ಲಿ ಬಲಂ ಸೀಮೆಯ ಕೃಷ್ಣಪ್ಪ ನಾಯಕನು ಟಿಪ್ಪುವಿನ ವೈರಿಗಳ ಕಡೆ ಸೇರಿದ್ದನು. ಸಂಧಿಯಾದ ಬಳಿಕ ಹೆದರಿ ಕೊಡಗಿಗೆ ಓಡಿದವನನ್ನು ಟಿಪ್ಪು ಮರಳಿ ಕರೆಸಿ, ಕಪ್ಪ ಕೊಡುವ ಕರಾರಿನ ಮೇಲೆ ಸೀಮೆಯ ಒಂದು ಭಾಗವನ್ನು ಬಿಟ್ಟುಕೊಟ್ಟನು. ಸಕಲೇಶಪುರದ ಬಳಿ ನಕ್ಷತ್ರದ ಆಕಾರದಲ್ಲಿ ನಿಂತಿರುವ ಮಂಜರಾಬಾದ್ ಕೋಟೆ ಅದೇ ಕಾಲದ್ದು. ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕನು 1799ರ ಗೊಂದಲದಲ್ಲಿ ಸ್ವತಂತ್ರನಾಗಿ, ಕಂಪನಿಯು ಪಟ್ಟಕ್ಕೆ ಕೂರಿಸಿದ್ದ ಎಳೆಯ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನ ಪೂರ್ಣಯ್ಯ ನಡೆಸುತ್ತಿದ್ದ ಆಡಳಿತಕ್ಕೆ ತಲೆಬಾಗಲು ಒಪ್ಪಲಿಲ್ಲ. ಕಂಪನಿಗೆ ಇದು ಕೇವಲ ಒಂದು ಸೀಮೆಯ ಕಂದಾಯದ ಮಾತಾಗಿರಲಿಲ್ಲ. ಬಿಸಿಲೆ ಘಾಟಿಯೂ ಅದರ ಬುಡದ ಸುಬ್ರಹ್ಮಣ್ಯವೂ ಪಾಳೆಯಗಾರನ ಹಿಡಿತದಲ್ಲಿ ಇರುವವರೆಗೆ ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ದಂಡು ಸಾಗುವ ದಾರಿಯೇ ಭದ್ರವಾಗಿರಲಿಲ್ಲ.

1800ರ ಏಪ್ರಿಲ್ ಆರಂಭದಲ್ಲಿ ನಾಯಕನ ಭದ್ರ ನೆಲೆಯಾದ ಅರೆಕೆರೆಯ ಮೇಲೆ ಕಂಪನಿ ನಡೆಸಿದ ಮೊದಲ ದಾಳಿಯನ್ನು ಬಲಂನ ಜನ ಹಿಮ್ಮೆಟ್ಟಿಸಿದರು. ತಿಂಗಳ ಕೊನೆಗೆ ಹೆಚ್ಚಿನ ಬಲದೊಡನೆ ಬಂದ ಕರ್ನಲ್ ಮಾಂಟ್ರೆಸರ್ ಅದನ್ನು ಗೆದ್ದನಾದರೂ ದಂಡು ಹಿಂದಿರುಗಿದೊಡನೆ ನಾಯಕನು ಮತ್ತೆ ತಲೆಯೆತ್ತಿದನು. ಈ ಸೀಮೆಯ ಹಳ್ಳಿಗಳು ಸುತ್ತ ಅಗಳು ತೋಡಿ, ದಟ್ಟ ಬೇಲಿ ಬೆಳೆಸಿಕೊಂಡ ಪುಟ್ಟ ಪುಟ್ಟ ಕೋಟೆಗಳಂತಿದ್ದುದರಿಂದ, ಒಂದು ಊರನ್ನು ಗೆದ್ದರೆ ಸೀಮೆ ಗೆದ್ದಂತಾಗುತ್ತಿರಲಿಲ್ಲ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯೇ 1802ರ ಜನವರಿ 16ರಂದು ಅರೆಕೆರೆಯನ್ನು ಮೂರು ಕಡೆಯಿಂದ ಮುತ್ತಿ ವಶಪಡಿಸಿಕೊಂಡನು. ಬಳಿಕ ಕಾಡು ಕಡಿಸಿ ರಸ್ತೆ ಮಾಡಿಸಿದನು, ಹಳ್ಳಿಗಳ ಅಗಳು ಬೇಲಿಗಳನ್ನು ಕೆಡವಿಸಿದನು. ಫೆಬ್ರುವರಿ 9ರಂದು ಸೆರೆಸಿಕ್ಕ ವೆಂಕಟಾದ್ರಿ ನಾಯಕನನ್ನು ಮರುದಿನವೇ ಆರು ಮಂದಿ ಸಂಗಡಿಗರೊಂದಿಗೆ ಗಲ್ಲಿಗೇರಿಸಲಾಯಿತು. ನಾಯಕನ ಹೋರಾಟ ತನ್ನ ಮನೆತನದ ಹಕ್ಕಿಗಾಗಿ ನಡೆದದ್ದು ನಿಜ. ಆದರೂ ಎರಡು ವರ್ಷ ಕಾಲ ಊರೂರುಗಳು ಅವನ ಬೆನ್ನಿಗೆ ನಿಂತದ್ದನ್ನು ಒಬ್ಬ ಪಾಳೆಯಗಾರನ ಹಟವೆಂದು ತಳ್ಳಿಹಾಕುವುದು ಆ ಊರುಗಳಿಗೆ ಮಾಡುವ ಅನ್ಯಾಯವಾಗುತ್ತದೆ.

ಬಲಂ ಅಡಗಿದ ಮೇಲೆ ಉಳಿದ ಮೈಸೂರು ಹೊತ್ತ ಹೊರೆಯೇ ಮುಂದಿನ ಬಂಡಾಯದ ಮೂಲ. 1799ರ ಒಪ್ಪಂದದ ಪ್ರಕಾರ ಸಂಸ್ಥಾನವು ಕಂಪನಿಯ ದಂಡಿನ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ವರಹ, ಎಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ಮಳೆ ಬರಲಿ ಬಿಡಲಿ, ನಗದಾಗಿ ಕಟ್ಟಲೇಬೇಕಾಗಿತ್ತು. ಕಟ್ಟುನಿಟ್ಟಿನ ಪೂರ್ಣಯ್ಯ 1811ರವರೆಗೂ ಅದನ್ನು ಕಟ್ಟಿ, ಖಜಾನೆಯಲ್ಲೂ ಎರಡು ಕೋಟಿಗೆ ಮೀರಿದ ಹಣ ಉಳಿಸಿದನೆಂದು ದಾಖಲೆಗಳು ಹೇಳುತ್ತವೆ. ಆಡಳಿತ ಮಹಾರಾಜರ ಕೈಗೆ ಬಂದ ಮೇಲೆ ಅರಮನೆಯ ಖರ್ಚು ಏರಿತು, ಉಳಿಕೆ ಕರಗಿತು. ಧಾನ್ಯದ ಬೆಲೆಗಳು ಕುಸಿಯುತ್ತ ಬಂದ ಕಾಲದಲ್ಲಿ ನಗದು ಕಂದಾಯದ ಬೇಡಿಕೆ ಮಾತ್ರ ಇಳಿಯಲಿಲ್ಲ. ಬೆಲೆ ಇಳಿದಾಗ ಅದೇ ಹತ್ತು ರೂಪಾಯಿ ಕಟ್ಟಲು ರೈತ ಮೊದಲಿಗಿಂತ ಹೆಚ್ಚು ಭತ್ತ ಅಳೆಯಬೇಕು. ಕಾಗದದ ಮೇಲೆ ತೆರಿಗೆ ಏರದಿದ್ದರೂ ಕಣದಲ್ಲಿ ಅದು ಏರಿರುತ್ತದೆ.

ಈ ಬಿಕ್ಕಟ್ಟಿಗೆ ಆಡಳಿತ ಕಂಡುಕೊಂಡ ದಾರಿಯೆಂದರೆ ಶರತ್ತು ಪದ್ಧತಿ. ತಾಲ್ಲೂಕಿನ ಅಮಲ್ದಾರನು ಇಷ್ಟು ಹಣ ಎತ್ತಿ ಕೊಡುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು, ಹೆಚ್ಚು ಬಂದರೆ ಅದನ್ನೂ ಸರ್ಕಾರಕ್ಕೇ ಒಪ್ಪಿಸಬೇಕು. ಅಮಲ್ದಾರನಿಗೆ ಇದರಲ್ಲಿ ನೇರವಾದ ಲಾಭವೇ ಇಲ್ಲವೆಂದು ಕಾಣುತ್ತದೆ. ಆದರೆ ಹೆಚ್ಚು ಹಣಕ್ಕೆ ಒಪ್ಪಿದವನಿಗೇ ಹುದ್ದೆ ಸಿಗುತ್ತಿದ್ದುದರಿಂದ, ಮಾತು ಕೊಟ್ಟ ಮೊತ್ತಕ್ಕಾಗಿಯೂ ಲೆಕ್ಕಕ್ಕೆ ಬಾರದ ತನ್ನ ಪಾಲಿಗಾಗಿಯೂ ಅವನು ರೈತನನ್ನೇ ಹಿಂಡುತ್ತಿದ್ದನು. ಭೂಕಂದಾಯದ ಜೊತೆಗೆ ಸಾಯರ್ ಎಂದು ಕರೆಯುತ್ತಿದ್ದ ಸುಂಕಗಳು ಬೇರೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟಿದ್ದಕ್ಕೆ ತೆರಿಗೆ ಇತ್ತು. ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹಿಂದಿನವರು ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತಲೆಮಾರುಗಳವರೆಗೆ ತೆರಿಗೆ ಕಟ್ಟುತ್ತಿದ್ದರು. ನಗರದ ಒಂದು ಸ್ಥಳದಲ್ಲಿ ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವರು ತೆರಿಗೆ ತೆರಬೇಕಾಗಿತ್ತು. ಇವು ಜಾನಪದ ಉತ್ಪ್ರೇಕ್ಷೆಗಳಲ್ಲ, ಬಿ. ಎಲ್. ರೈಸ್ ತನ್ನ ಗೆಜೆಟಿಯರಿನಲ್ಲಿ ದಾಖಲಿಸಿದ ವಿವರಗಳು.

ನಗರ ಫೌಜುದಾರಿ, ಎಂದರೆ ಇಂದಿನ ಶಿವಮೊಗ್ಗದ ಸುತ್ತಲಿನ ಸೀಮೆ, ಈ ಹಿಂಡುವಿಕೆಯನ್ನು ಎಲ್ಲಕ್ಕಿಂತ ಕಡಿಮೆ ಸಹಿಸಿಕೊಂಡಿತು. ಹೈದರಾಲಿ 1763ರಲ್ಲಿ ಗೆಲ್ಲುವವರೆಗೆ ಅದು ಕೆಳದಿ ಅರಸರ ನಾಡು. 17ನೆಯ ಶತಮಾನದಲ್ಲಿ ಶಿವಪ್ಪ ನಾಯಕನು ಭೂಮಿಯನ್ನು ಅಳೆಸಿ, ಬೆಳೆಯನ್ನು ನೋಡಿಸಿ ಗೊತ್ತುಮಾಡಿದ ಕಂದಾಯದ ದರಕ್ಕೆ ಶಿಸ್ತು ಎಂದು ಹೆಸರು. ಶಿಸ್ತಿಗಿಂತ ಹೆಚ್ಚು ಕೇಳುವುದು ಅನ್ಯಾಯವೆಂಬ ಅಳತೆಗೋಲು ಆ ರೈತರ ಕೈಯಲ್ಲಿ ಇತ್ತು. ಬಹುಕಾಲ ಫೌಜುದಾರನಾಗಿದ್ದ ರಾಮರಾಯನು ಹುದ್ದೆಗಳಲ್ಲಿ ತನ್ನ ಬಂಧುಗಳನ್ನು ತುಂಬಿದ್ದನು. 1828ರಲ್ಲಿ ಅವನ ಬದಲಿಗೆ ಬಂದ ವೀರರಾಜ ಅರಸು, ಹಿಂದೆ ಮೋಸದಿಂದ ಕೊಟ್ಟ ಮಾಫಿಗಳೆಂದು ಹೇಳಿ ಹಳೆಯ ಬಾಕಿಗಳನ್ನು ಮತ್ತೆ ವಸೂಲಿಗೆ ಎಳೆದನು. ಭ್ರಷ್ಟ ಅಧಿಕಾರಿಯನ್ನು ಸರಿಪಡಿಸಲು ಹೊರಟ ಕ್ರಮವೂ ಕೊನೆಗೆ ರೈತನ ಕೊರಳಿಗೇ ಬಂದಿತು.

1830ರ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ಕೂಟ ಸೇರಬೇಕೆಂಬ ಓಲೆಗಳು ಊರಿಂದೂರಿಗೆ ಹೋದವು. ಕೂಟವೆಂದರೆ ಪಟೇಲರೂ ರೈತರೂ ಕೆಲಸ ನಿಲ್ಲಿಸಿ ಒಂದೆಡೆ ನೆರೆದು, ಅಹವಾಲು ಕೇಳುವವರೆಗೂ ಕಂದಾಯ ಕಟ್ಟದೆ ಕೂರುವ ಹಳೆಯ ರೂಢಿ. ಅದರಲ್ಲಿ ಬಂಡಾಯದ ಸೂಚನೆ ಇರಲೇಬೇಕೆಂದಿಲ್ಲ. ಮಹಾರಾಜರ ಸರ್ಕಾರ ಈ ಹಂತದಲ್ಲಿ ಬಾಕಿಯನ್ನು ಬಿಟ್ಟು ಅಮಲ್ದಾರರನ್ನು ಬದಲಾಯಿಸಿದ್ದರೆ ವಿಷಯ ಅಲ್ಲಿಗೇ ತಣ್ಣಗಾಗುತ್ತಿತ್ತೆಂದು ನಂಬಲು ಕಾರಣಗಳಿವೆ. ಆದರೆ ಕೂಟಗಳನ್ನು ಚದುರಿಸಲು ದಂಡು ಬಂದಿತು, ಗುಂಡು ಹಾರಿತು, ಹೆಣಗಳು ಬಿದ್ದವು. ಡಿಸೆಂಬರಿನಲ್ಲಿ ಸ್ವತಃ ಮಹಾರಾಜರು ಕಂಪನಿಯ ರೆಸಿಡೆಂಟ್ ಕ್ಯಾಸಮೇಜರನೊಡನೆ ಚನ್ನರಾಯಪಟ್ಟಣದ ಕಡೆಗೆ ಸವಾರಿ ಬಂದರು. ಅಹವಾಲುಗಳನ್ನು ಕೇಳಿದರೂ, ಮುಂದಾಳುಗಳೆಂದು ಹಿಡಿದವರಿಗೆ ಗಲ್ಲಿನಂಥ ಕಠಿಣ ಶಿಕ್ಷೆಗಳಾದವು. ಕೇಳಿಕೊಳ್ಳಲು ನೆರೆದವರಿಗೆ ಕೊಡಲಾದ ಉತ್ತರ ಇದಾದ ಮೇಲೆ ಕೂಟದ ಮಾತಿಗೆ ಬೆಲೆ ಉಳಿಯಲಿಲ್ಲ.

ಇಲ್ಲಿಂದ ತಕರಾರು ರಾಜ್ಯದ ಪ್ರಶ್ನೆಯಾಯಿತು. ಭಸ್ಮಧಾರಿಯಾಗಿ ತಿರುಗುತ್ತಿದ್ದುದರಿಂದ ಬೂದಿ ಬಸವಪ್ಪನೆಂದು ಹೆಸರಾದ, ಸಾದರಮಲ್ಲನೆಂಬ ಮೂಲದ ಹೆಸರಿನ ರೈತನ ಮಗನೊಬ್ಬನು ಕೆಳದಿಯ ಕೊನೆಯ ಅರಸನ ಮೊಮ್ಮಗ ತಾನೆಂದು ಹೇಳಿಕೊಂಡು ಮುಂದೆ ಬಂದನು. ಕೆಳದಿಯ ಅರಸನ ಸೇವೆಯಲ್ಲಿದ್ದ ಜಂಗಮನೊಬ್ಬನ ಮೂಲಕ ಆ ಮನೆತನದ ಮುದ್ರೆಗಳು ಅವನ ಕೈಸೇರಿದ್ದವೆನ್ನುತ್ತಾರೆ. ಆ ಮುದ್ರೆ ಬಿದ್ದ ಕಾಗದಗಳು ಪಟೇಲರಿಗೆ ತಲುಪತೊಡಗಿದವು. ಅವನು ನಿಜವಾಗಿ ಕೆಳದಿಯ ವಂಶದವನೇ ಎಂಬುದು ಬ್ರಿಟಿಷ್ ಅಧಿಕಾರಿಗಳಿಗೆ ಮುಖ್ಯವಾದ ಪ್ರಶ್ನೆಯಾಗಿತ್ತು, ವಂಚಕನೆಂದು ಅವರು ತೀರ್ಮಾನಿಸಿದರು. ರೈತರಿಗೆ ಮುಖ್ಯವಾದದ್ದು ಬೇರೆ: ಕೆಳದಿಯ ಮುದ್ರೆ ಒತ್ತಿದವನು ಶಿಸ್ತಿನ ಕಂದಾಯವನ್ನು ಮರಳಿ ತರಬಲ್ಲನು, ಮೈಸೂರಿನ ಅಮಲ್ದಾರನು ತರಲಾರನು. ಇತ್ತ ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕನೂ ಸೇರಿ ಕಲ್ಲುದುರ್ಗ, ಕಾಮನದುರ್ಗಗಳಂಥ ಗುಡ್ಡಗೋಟೆಗಳನ್ನು ಹಿಡಿದನು. ಮೈಸೂರಿನ ದಂಡಿಗೆ ತಾನಾಗಿ ಇದನ್ನು ಅಡಗಿಸಲಾಗದೆ ಕಂಪನಿಯ ಪಡೆಗಳು ಇಳಿದವು; 1831ರ ಜೂನ್‌ನಲ್ಲಿ ಕರ್ನಲ್ ಇವಾನ್ಸ್ ನಗರವನ್ನು ವಶಪಡಿಸಿಕೊಂಡ ಮೇಲೆ ಬಂಡಾಯದ ಬೆನ್ನೆಲುಬು ಮುರಿಯಿತು. ತರೀಕೆರೆಯ ಕಾಡುಗಳಲ್ಲಿ ಮಾತ್ರ ಅದು ಹೊಗೆಯಾಡುತ್ತಲೇ ಇದ್ದು, ಅದೇ ಪಾಳೆಯಗಾರ ಮನೆತನದ ಸರ್ಜಾ ಹನುಮಪ್ಪ ನಾಯಕನು 1834ರಲ್ಲಿ ಗಲ್ಲಿಗೇರುವುದರೊಂದಿಗೆ ಕೊನೆಗೊಂಡಿತು.

ಬಂಡಾಯದ ಫಲವನ್ನು ಉಂಡದ್ದು ಕಂಪನಿ. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಸಂಸ್ಥಾನದ ಆಡಳಿತವನ್ನೇ ಮಹಾರಾಜರಿಂದ ಕಿತ್ತುಕೊಂಡು ಕಮಿಷನರರಿಗೆ ಒಪ್ಪಿಸಿದನು; ಅದು ಅರಸು ಮನೆತನಕ್ಕೆ ಮರಳಲು ಐವತ್ತು ವರ್ಷ ಬೇಕಾಯಿತು. ಹಾಕರ್, ಮಾರಿಸನ್, ಮ್ಯಾಕ್ಲಿಯಡ್ ಮತ್ತು ಮಾರ್ಕ್ ಕಬ್ಬನ್ ಇದ್ದ ವಿಚಾರಣಾ ಸಮಿತಿಯು 1833ರ ವರದಿಯಲ್ಲಿ ಮುಖ್ಯವಾಗಿ ದುರಾಡಳಿತವನ್ನೇ ಕಾರಣವೆಂದು ತೋರಿಸಿತು. ಈ ತೀರ್ಪನ್ನು ಎಲ್ಲರೂ ಒಪ್ಪಿಲ್ಲ. ಇತಿಹಾಸಕಾರ ಬರ್ಟನ್ ಸ್ಟೈನ್ ಇದರಲ್ಲಿ ಊರು ನಾಡುಗಳ ಮಟ್ಟದ ಹಳೆಯ ಒಡೆಯರು ಕೇಂದ್ರೀಕೃತ ಆಡಳಿತದ ವಿರುದ್ಧ ನಡೆಸಿದ ಸೆಣಸಾಟವನ್ನು ಕಂಡರೆ, ಸಾಕೇತ್ ರಾಜನ್ ಇದನ್ನು ವಸಾಹತುಶಾಹಿಯ ವಿರುದ್ಧದ ರೈತಸಮರವೆಂದು ಓದಿದರು. ದುರಾಡಳಿತ ಸುಳ್ಳಲ್ಲ, ಆದರೆ ವರ್ಷಕ್ಕೆ 24.5 ಲಕ್ಷದ ಕಪ್ಪವನ್ನು ಹೇರಿದವರೇ ನ್ಯಾಯಪೀಠದಲ್ಲಿ ಕೂತು ಬರೆದ ವರದಿಯಲ್ಲಿ ಆ ಕಪ್ಪದ ಪಾಲು ಎಷ್ಟೆಂಬ ಪ್ರಶ್ನೆಗೆ ಸಿಗಬೇಕಾದ ಸ್ಥಳ ಸಿಗಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಮೂರನೆಯ ಬಂಡಾಯ ಬಿಸಿಲೆ ಘಾಟಿಯ ಕೆಳಗೆ, ಸುಬ್ರಹ್ಮಣ್ಯದ ತೆಂಕಣ ಸೀಮೆಯಲ್ಲಿ ಎದ್ದಿತು. 1834ರ ಏಪ್ರಿಲಿನಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಂಪನಿಯು ಮೇ ತಿಂಗಳಲ್ಲಿ ಕೊಡಗನ್ನು ತನ್ನದೆಂದು ಸಾರಿತು. ಮಡಿಕೇರಿಗೆ ಸೇರಿದ್ದ ಅಮರಸುಳ್ಯ, ಬೆಳ್ಳಾರೆ, ಪಂಜದ ಮಾಗಣೆಗಳು ಕನ್ನಡ ಜಿಲ್ಲೆಗೆ, ಎಂದರೆ ಮಂಗಳೂರಿನ ಕಲೆಕ್ಟರನ ಆಡಳಿತಕ್ಕೆ ಹೋದವು. ಅರಸರ ಕಾಲದಲ್ಲಿ ಅಲ್ಲಿನ ಗೌಡ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಅಳೆಯುತ್ತಿದ್ದರು. ಈಗ ಅದನ್ನು ನಗದಾಗಿ ಕಟ್ಟಬೇಕಾಯಿತು. ಭತ್ತವನ್ನು ರೂಪಾಯಿ ಮಾಡಲು ರೈತನು ಕರಾವಳಿಯ ವ್ಯಾಪಾರಿಯ ಮುಂದೆ ನಿಲ್ಲಬೇಕು, ಅದೂ ಕಿಸ್ತಿನ ಗಡುವು ತಲೆಯ ಮೇಲಿದ್ದಾಗ, ಎಲ್ಲರೂ ಒಮ್ಮೆಗೇ ಮಾರಲು ಬಂದು ಬೆಲೆ ಬಿದ್ದ ಹೊತ್ತಿನಲ್ಲಿ. ಕೈಗೆ ಬಂದ ರೂಪಾಯಿ ಕಚೇರಿಗೆ ಹೋದ ಮೇಲೆ ಉಪ್ಪಿಗೂ ಹೊಗೆಸೊಪ್ಪಿಗೂ ಕಂಪನಿಯ ಏಕಸ್ವಾಮ್ಯದ ದರವನ್ನೇ ತೆರಬೇಕಾಗಿತ್ತು.

ಮತ್ತೆ ಹಳೆಯ ಮನೆತನವೊಂದರ ಹೆಸರು ಎದ್ದು ನಿಂತಿತು. ಕೊಡಗನ್ನು ಆಳಿದ್ದ ಹಾಲೇರಿ ಅರಸು ಮನೆತನದ ಕುಡಿ ತಾನೆಂದು ಸ್ವಾಮಿ ಅಪರಂಪಾರನೆಂಬ ಜಂಗಮನು ಮೊದಲು ತಿರುಗಾಡಿ ಸೆರೆಯಾದನು. ಅವನ ಬಳಿಕ ಬಂದ ಕಲ್ಯಾಣಸ್ವಾಮಿಯೂ ಸೆರೆಯಾದ ಮೇಲೆ ಪುಟ್ಟಬಸಪ್ಪನೆಂಬವನು ಕಲ್ಯಾಣಸ್ವಾಮಿಯ ಹೆಸರನ್ನೇ ಹೊತ್ತು ಮುಂದಾಳಾದನು. ಗುಡ್ಡೆಮನೆ ಅಪ್ಪಯ್ಯ ಗೌಡ, ಕೆದಂಬಾಡಿ ರಾಮಯ್ಯ ಗೌಡ, ಹುಲಿಕಡಿದ ನಂಜಯ್ಯ, ಬಂಗರಸು ಲಕ್ಷ್ಮಪ್ಪ ಮೊದಲಾದವರು ಅವನೊಡನೆ ನಿಂತರು. ರಾಮಯ್ಯ ಗೌಡರು ಮಕ್ಕಳ ಮದುವೆಯ ಹೆಸರಿನಲ್ಲಿ ಉಬರಡ್ಕ ಮಿತ್ತೂರಿನ ಗದ್ದೆಯಲ್ಲಿ ಚಪ್ಪರ ಹಾಕಿಸಿ ಜನರನ್ನು ನೆರೆಸಿದರೆಂದು ಸುಳ್ಯ ಸೀಮೆಯ ಪರಂಪರೆ ಹೇಳುತ್ತದೆ. 1837ರ ಮಾರ್ಚ್ ಕೊನೆಗೆ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರಿನ ದಾರಿಯಾಗಿ ಸಾಗುತ್ತ, ಕಂದಾಯದ ಹೊರೆ ಇಳಿಸುವ, ಹೊಗೆಸೊಪ್ಪು ಉಪ್ಪುಗಳ ಏಕಸ್ವಾಮ್ಯ ತೆಗೆಯುವ ಭರವಸೆಯನ್ನು ಊರೂರಿನಲ್ಲಿ ಸಾರುತ್ತ ದೊಡ್ಡದಾಯಿತು. ಏಪ್ರಿಲ್ 5ರಂದು ಅದು ಮಂಗಳೂರನ್ನು ಹೊಕ್ಕಿತು. ಕಚೇರಿಗಳಿಗೆ ಬೆಂಕಿ ಬಿತ್ತು, ಸೆರೆಮನೆಯ ಬಾಗಿಲು ತೆರೆಯಿತು, ಬಾವುಟಗುಡ್ಡದ ಮೇಲೆ ಬಂಡಾಯದ ಬಾವುಟ ಏರಿತು. ಗದ್ದೆಯಿಂದ ಎದ್ದುಬಂದವರ ಕೈಯಲ್ಲಿ ಜಿಲ್ಲೆಯ ರಾಜಧಾನಿ ಹದಿಮೂರು ದಿನ ಉಳಿಯಿತು. 1857ಕ್ಕೆ ಇಪ್ಪತ್ತು ವರ್ಷ ಮೊದಲು ಇದು ನಡೆದದ್ದು.

ಕಣ್ಣೂರಿನ ಕಡೆಯಿಂದ ದಂಡು ಬಂದು ಇಳಿದ ಮೇಲೆ ಈ ಬಂಡಾಯವೂ ತಾಳಲಿಲ್ಲ. ಕೊಡಗಿನೊಳಗೆ ದಿವಾನ ಚೆಪ್ಪುಡೀರ ಪೊನ್ನಪ್ಪನಂಥ ಮುಖ್ಯಸ್ಥರು ಕಂಪನಿಯ ಕಡೆಯೇ ಉಳಿದುದರಿಂದ ಘಟ್ಟದ ಮೇಲಿಂದ ಬರಬೇಕಾಗಿದ್ದ ಬೆಂಬಲ ಬರಲಿಲ್ಲ. ನಿಷ್ಠೆಗೆ ಪ್ರತಿಯಾಗಿ ಕಂಪನಿ ಚಿನ್ನ ಬೆಳ್ಳಿಯ ಪದಕಗಳನ್ನೇ ಟಂಕಿಸಿ ಹಂಚಿತು. ಪುಟ್ಟಬಸಪ್ಪ, ಬಂಗರಸು ಮುಂತಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ, ಮನೆಯವರ ಕಣ್ಣೆದುರೇ, ನೇಣಿಗೆ ಹಾಕಲಾಯಿತು. ಉಳಿದ ಹಲವರು ಸಮುದ್ರದಾಚೆಗೆ ಗಡೀಪಾರಾದರು.

ಕರಾವಳಿಯ ಜನರ ಬಾಯಲ್ಲಿ ಇದು ಬಹುಕಾಲ ಕಲ್ಯಾಣಪ್ಪನ ಕಾಟಕಾಯಿ, ಎಂದರೆ ಲೂಟಿಯ ದಂಗೆ, ಎಂದೇ ಉಳಿದಿತ್ತು. ನಿರಂಜನರು ಸ್ವಾಮಿ ಅಪರಂಪಾರ, ಕಲ್ಯಾಣಸ್ವಾಮಿ ಕಾದಂಬರಿಗಳಲ್ಲಿ ಈ ಜನರನ್ನು ಓದುಗರ ಮುಂದೆ ತಂದರು. ಈಚಿನ ದಶಕಗಳಲ್ಲಿ ಸಂಶೋಧಕರೂ ಸ್ಥಳೀಯ ಲೇಖಕರೂ ಇದನ್ನು ಅಮರಸುಳ್ಯದ ಸ್ವಾತಂತ್ರ್ಯ ಸಮರವೆಂದು ಕರೆಯತೊಡಗಿದರು, 2022ರ ನವೆಂಬರಿನಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಅರಸೊತ್ತಿಗೆಯನ್ನು ಮರಳಿ ತರಲು ಹೊರಟವರನ್ನು ಸ್ವಾತಂತ್ರ್ಯ ಹೋರಾಟಗಾರರೆನ್ನಬಹುದೇ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದಿಲ್ಲ. ಆದರೆ ಅವರು ಅರಸನೊಬ್ಬನನ್ನು ಬೇಡಿದ್ದು ಅರಸೊತ್ತಿಗೆಯ ಮೋಹದಿಂದಲ್ಲ. ಕಂದಾಯ ಕೇಳುವವನಿಗೆ ಕೊಡುವವನ ಮಾತನ್ನು ಕೇಳುವ ಹೊಣೆಯೂ ಇರಬೇಕೆಂಬ ನಂಬಿಕೆಯನ್ನು ಹೇಳಲು ಅವರ ಬಳಿ ಇದ್ದ ಒಂದೇ ರಾಜಕೀಯ ಭಾಷೆ ಅದಾಗಿತ್ತು.

ಸೋತ ಬಂಡಾಯಗಳು ವ್ಯರ್ಥವಾಗಲಿಲ್ಲ. 1834ರಿಂದ 1861ರವರೆಗೆ ಮೈಸೂರನ್ನು ಆಳಿದ ಮಾರ್ಕ್ ಕಬ್ಬನ್ ಶರತ್ತು ಪದ್ಧತಿಯನ್ನು ಬಿಟ್ಟು, 769 ಬಗೆಯ ಚಿಲ್ಲರೆ ತೆರಿಗೆಗಳನ್ನು ರದ್ದುಮಾಡಿದನು. ನಗರದ ವಿಚಾರಣೆಯಲ್ಲಿ ಸ್ವತಃ ಕೂತು ರೈತರ ಮಾತನ್ನು ಕೇಳಿದ್ದವನು ಅವನು. ಕಪ್ಪ ಮಾತ್ರ ಇಳಿಯಲಿಲ್ಲ. 1881ರಲ್ಲಿ ಆಡಳಿತವು ಒಡೆಯರಿಗೆ ಮರಳಿದಾಗ ಅದನ್ನು 35 ಲಕ್ಷಕ್ಕೆ ಏರಿಸಲಾಯಿತು, ಬರಗಾಲದ ಸಾಲ ಹೊತ್ತಿದ್ದ ಸಂಸ್ಥಾನಕ್ಕೆ ಹೆಚ್ಚುವರಿ ಮೊತ್ತವನ್ನು ಕೆಲವು ವರ್ಷ ಮುಂದೂಡಿದ್ದೇ ದೊಡ್ಡ ಉಪಕಾರವಾಯಿತು.

ಮುಂದಿನ ಶತಮಾನದಲ್ಲಿ ಕಂದಾಯ ನಿರಾಕರಣೆ ಮತ್ತೆ ಬಂದಾಗ ಅದಕ್ಕೆ ಅರಸನ ಮುದ್ರೆ ಬೇಕಾಗಲಿಲ್ಲ. 1930ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳ ರೈತರು ಕಾಂಗ್ರೆಸ್ಸಿನ ಕರೆಗೆ ಓಗೊಟ್ಟು ಕರ ಕೊಡದೆ ಹೊಲ, ತೋಟ, ಮನೆಗಳನ್ನು ಕಳೆದುಕೊಂಡರು. 1942ರ ಸೆಪ್ಟೆಂಬರಿನಲ್ಲಿ, ಒಮ್ಮೆ ನಗರ ಫೌಜುದಾರಿಗೆ ಸೇರಿದ್ದ ಶಿಕಾರಿಪುರ ಸೀಮೆಯ ಈಸೂರಿನ ಜನ ಕಂದಾಯ ಕಟ್ಟಲು ನಿರಾಕರಿಸಿ, ತಮ್ಮೂರು ಸ್ವತಂತ್ರವೆಂದು ಸಾರಿ, ಊರ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. 28ರಂದು ಪೊಲೀಸರೊಡನೆ ಬಂದ ಸರ್ಕಾರಿ ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಘರ್ಷಣೆಯಲ್ಲಿ ಸತ್ತರು. ಬಳಿಕ ಊರು ಸೂರೆಹೋಯಿತು, 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಮೈಸೂರು ಸಂಸ್ಥಾನದ ಕಪ್ಪ ನಿಂತದ್ದು 1947ರ ಆಗಸ್ಟ್ 15ರಂದು ಬ್ರಿಟಿಷರ ಪರಮಾಧಿಕಾರ ಕೊನೆಗೊಂಡಾಗ. ಕಂದಾಯ ಕಟ್ಟುವವರ ಪ್ರತಿನಿಧಿಗಳ ಕೈಗೆ ಸಂಸ್ಥಾನದ ಆಡಳಿತ ಬಂದದ್ದು ಅದಕ್ಕೂ ಎರಡು ತಿಂಗಳು ತಡವಾಗಿ, ಮೈಸೂರು ಚಲೋ ಚಳವಳಿಯ ಬಳಿಕ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಾಗ.